ಸಾರು, ದಾರು ಮತ್ತು ನನ್ನ ಮೂಗರ್ಜಿ

ಸಂಶಯವನ್ನು ದುರ್ಗುಣವೆಂದು ಮೊದಲು ಕರೆದವರು ಯಾರೋ ನಾನರಿಯೆ. ಅವರ ಮೇಲೂ ನನಗೆ ಸಂಶಯವಿದೆ. ನಾನು ಓದಿದ್ದು ಹೊಸ ಬಗೆಯ ಶಾಲೆಯೊಂದರಲ್ಲಿ. ಅಲ್ಲಿ ಬೆತ್ತವಿರಲಿಲ್ಲ, ಗಂಟೆಯಿರಲಿಲ್ಲ, ಮಗ್ಗಿಯೂ ಅಷ್ಟಕ್ಕಷ್ಟೆ. ಪ್ರತಿ ಶನಿವಾರ ಬೇವಿನ ಮರದಡಿ ಸುತ್ತಲೂ ಕುಳಿತು, ಆ ವಾರ ಕಂಡ ಅನ್ಯಾಯಗಳನ್ನು ಹೆಸರಿಟ್ಟು ಹೇಳಬೇಕಾಗಿತ್ತು. ಉಳಿದ ಹುಡುಗರು ಒಂದೆರಡು ಹೇಳಿ ಕುಳಿತುಬಿಡುತ್ತಿದ್ದರು. ನಾನು ಎದ್ದು ನಿಂತರೆ, ಊಟದ ಹೊತ್ತಾಯಿತೆಂದು ಗುರುಗಳೇ ನೆನಪಿಸಬೇಕಾಗುತ್ತಿತ್ತು. ಆ ಅಭ್ಯಾಸ ನನ್ನನ್ನು ಬಿಡಲಿಲ್ಲ. ತಕ್ಕಡಿಯ ತಳಕ್ಕೆ ಹುಣಿಸೆಹಣ್ಣು ಮೆತ್ತುವ ವ್ಯಾಪಾರಿ, ಎಮ್ಮೆಗಿಂತ ನಲ್ಲಿಯನ್ನು ಹೆಚ್ಚು ನಂಬಿದ ಹಾಲಿನವ, ಅಂಟೇ ಇಲ್ಲದ ಅಂಚೆಚೀಟಿ, ಎಲ್ಲದರ ಬಗೆಗೂ ಪತ್ರಿಕೆಗಳಿಗೆ ಬರೆದಿದ್ದೇನೆ. ಮದುವೆಯಾದ ಹೊಸತರಲ್ಲಿ ವಿಮಲಾ, "ನನಗೂ ಒಂದು ಕಾಗದ ಬರೀಬಾರದೇ?" ಎಂದಳು. ಬರೆದೆ. ಅದರಲ್ಲಿ ಅಡುಗೆಮನೆಯ ಏಳು ಲೋಪಗಳಿದ್ದವು.

ವಿಮಾ ಕಚೇರಿಯವರು ನನ್ನನ್ನು ಬರೋಡಾಕ್ಕೆ ವರ್ಗ ಮಾಡಿದಾಗ, ಗುಜರಾತು ಪ್ರತ್ಯೇಕ ರಾಜ್ಯವಾಗಿ ಕೆಲವೇ ವರ್ಷಗಳಾಗಿದ್ದವು. ಇಡೀ ರಾಜ್ಯವೇ ಒಣರಾಜ್ಯ; ಹೆಂಡ, ಸಾರಾಯಿ, ದ್ರಾಕ್ಷಿಮದ್ಯ ಯಾವುದೂ ಕೂಡದು. ಕೊನೆಗೂ ನನ್ನ ಸ್ವಭಾವಕ್ಕೆ ಒಪ್ಪುವ ನಾಡು ಸಿಕ್ಕಿತೆಂದು ಹಿಗ್ಗಿದೆ. ಆದರೆ ನಿಷೇಧವಿರುವಲ್ಲಿ ಉಲ್ಲಂಘನೆಯೂ ಇರಲೇಬೇಕಲ್ಲವೇ? ಗೋರ್ವಾದಲ್ಲಿ ಬಾಡಿಗೆಮನೆ ಹಿಡಿದ ಎರಡನೆಯ ತಿಂಗಳಲ್ಲೇ ಬಡಾವಣೆಯ ಪಾನನಿರೋಧ ಸಮಿತಿಗೆ ಕಾರ್ಯದರ್ಶಿಯಾದೆ. ಸ್ಪರ್ಧೆಯಿರಲಿಲ್ಲ. ಮಿಕ್ಕವರಿಗೆ ಅಷ್ಟು ಬಿಡುವಿರಲಿಲ್ಲ.

ಆ ಚಳಿಗಾಲದಲ್ಲಿ ತುಮಕೂರಿನಿಂದ ನಮ್ಮ ಅತ್ತೆಯವರು ಬಂದರು. ಅವರ ಪೆಟ್ಟಿಗೆಯಲ್ಲಿ ಎರಡು ವಸ್ತುಗಳಿದ್ದವು: ಅಜೀರ್ಣಕ್ಕೆಂದು ಒಂದು ಸೀಸೆ ದ್ರಾಕ್ಷಾಸವ, ಹೂ ಕಟ್ಟಲೆಂದು ಒಂದು ಕಟ್ಟು ಬಾಳೆನಾರು. ದ್ರಾಕ್ಷಾಸವವನ್ನು ನಾನು ಮೂಸಿ ನೋಡಿದೆ. ದ್ರಾಕ್ಷಿಯನ್ನು ಬೆಲ್ಲದೊಡನೆ ತಿಂಗಳುಗಟ್ಟಲೆ ಹುಳಿಸಿ, ಸಂಸ್ಕೃತದ ಹೆಸರಿಟ್ಟ ಮಾತ್ರಕ್ಕೆ ಅದು ಔಷಧವಾಗಬಹುದೇ? ಕಾನೂನು ಆಗಬಹುದು ಎನ್ನುತ್ತಿತ್ತು. ಕಾನೂನಿನ ಮೇಲೂ ಸಣ್ಣದೊಂದು ಸಂಶಯವಿಟ್ಟುಕೊಂಡು, ಅತ್ತೆಯವರಿಗೆ ದಿನಕ್ಕೆರಡು ಚಮಚದ ವಿನಾಯಿತಿ ಕೊಟ್ಟೆ. ಬಾಳೆನಾರು ನಾಲ್ಕೇ ದಿನಕ್ಕೆ ಮುಗಿಯಿತು. "ಅಳಿಯಂದಿರೇ, ಕಚೇರಿಯಿಂದ ಬರ್ತಾ ಒಂದುಂಡೆ ದಾರ ತನ್ನಿ. ದೇವರಿಗೆ ಬಿಡಿಹೂ ಹಾಕೋಕೆ ಮನಸ್ಸು ಬರಲ್ಲ," ಎಂದರು. ನಾಳೆ ಎಂದೆ. ಮರುದಿನ ಸಮಿತಿಯ ಸಭೆಯಿತ್ತು. ಅದರ ಮರುದಿನ ತೂಕದ ಬಟ್ಟುಗಳ ಬಗೆಗೆ ಒಂದು ಪತ್ರ ಬರೆಯಬೇಕಾಗಿತ್ತು. ಹೀಗೆ ಒಂದು ತಿಂಗಳು ನಾನು "ನಾಳೆ" ಎಂದೆ.

ಅತ್ತೆಯವರು ಸ್ವಾಭಿಮಾನಿ. ತಾವೇ ಪೇಟೆಗಿಳಿದರು, ತಾವೇ ಗುಜರಾತಿ ಕಲಿತರು. ಮೊದಲ ವಾರ, ಈ ಊರಿನವರು ಬೆಳಗಾದರೆ ಸಾರಿನ ಮಾತೇ ಆಡುತ್ತಾರಲ್ಲ ಎಂದು ಅವರಿಗೆ ಬೆರಗಾಗಿತ್ತು. "ಎದುರುಮನೆಯಾಕೇನ ಹೇಗಿದೀಯಮ್ಮ ಅಂತ ಕೇಳಿದ್ರೆ ಸಾರು ಅಂತಾಳೆ. ಕಣ್ಣಿಗೆ ಕಂಡಂತೆ ಒಂದಿನವೂ ಸಾರು ಮಾಡಲಿಲ್ಲ!" ಇಲ್ಲಿ 'ಸಾರು' ಎಂದರೆ ಒಳ್ಳೆಯದು ಎಂದರ್ಥವೆಂದು ವಿಮಲಾ ತಿಳಿಸಿದಳು. ಅಗ್ಗವಾದದ್ದು 'ಸಸ್ತು', ನಿಂಬೆಹಣ್ಣು 'ಲಿಂಬು'. ಅತ್ತೆಯವರು ಅರೆನಿಮಿಷ ಯೋಚಿಸಿ ಒಂದು ವ್ಯಾಕರಣಸೂತ್ರವನ್ನೇ ರಚಿಸಿದರು. "ಅಷ್ಟೇ ತಾನೆ? ನಮ್ಮ ಮಾತಿಗೇ ಕೊನೇಲಿ ಒಂದು ಉಕಾರ ಹಚ್ಚಿದರೆ ಗುಜರಾತಿ." ನಾನು ಪತ್ರಿಕೆಯಿಂದ ತಲೆಯೆತ್ತದೆ, "ಸರಿ, ಸರಿ," ಎಂದೆ. ಸುಧಾರಕನ ಬದುಕಿನಲ್ಲಿ ಮನೆಯವರ ಮಾತು ಕೇಳಿಸಿಕೊಳ್ಳಲು ಸಮಯವೆಲ್ಲಿ? "ಅಹಮದಾಬಾದಿನಲ್ಲಿ ಅಷ್ಟು ಗಿರಣಿಗಳಂತೆ, ಸೂರತ್ತಿನಲ್ಲಿ ಅಷ್ಟು ಮಗ್ಗಗಳಂತೆ. ಅಂಗಡೀಗೆ ಹೋಗಿ ಕೇಳಿದ್ರೆ ಮುಖ ತಿರುಗಿಸ್ತಾರೆ. ಇವರೇನೋ ಮುಚ್ಚಿಡ್ತಿದಾರೆ!" ಎಂದು ಅವರು ಗೊಣಗಿದ್ದನ್ನೂ ನಾನು ಕೇಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ನನ್ನ ಸುತ್ತ ವಿಚಿತ್ರಗಳು ಆರಂಭವಾದವು. ನಮ್ಮ ಬೀದಿಯಲ್ಲೇ ಇದ್ದ, ನನ್ನದೇ ಕಚೇರಿಯ ಗುಮಾಸ್ತ ನಟುಭಾಯಿ ನನ್ನನ್ನು ಕಂಡಾಗಲೆಲ್ಲ ಅನುಕಂಪದಿಂದ ನಗತೊಡಗಿದ. ಕೆಲಸದ ಮೇಲೆ ಅಹಮದಾಬಾದಿನ ಶಾಖೆಗೆ ಹೋದಾಗ ಅಲ್ಲಿಯ ಹಿರಿಯ ಗುಮಾಸ್ತರು ನನ್ನನ್ನು ಕಪಾಟಿನ ಹಿಂದಕ್ಕೆ ಕರೆದರು. "ರಾವ್‌ಸಾಹೇಬ್, ನಾಚಿಕೆ ಯಾಕೆ? ವೈದ್ಯರ ಚೀಟಿ ಇದ್ದರೆ ಕುಡಿಯೋಕೆ ಪರ್ಮಿಟ್ ಆಗುತ್ತೆ. ಎದೆನೋವು ಅನ್ನಿ, ಹೊಟ್ಟೆನೋವು ಅಂದರೆ ಕೊಡೋಲ್ಲ." ನಾನು ಕೆಂಡವಾದೆ. ಸೂರತ್ತಿನಲ್ಲಂತೂ ಕತಾರ್‌ಗಾಮಿನ ವಿಮಾ ಏಜೆಂಟನೊಬ್ಬ ನನ್ನ ಭುಜದ ಮೇಲೆ ಕೈಯಿಟ್ಟು ಉಪದೇಶವನ್ನೇ ಮಾಡಿದ: "ಒಳ್ಳೇದೂ ಬೇಕು, ಅಗ್ಗವೂ ಬೇಕು ಅಂದರೆ ಊರಿನ ಕಳ್ಳಭಟ್ಟಿ ಮುಟ್ಟಬೇಡಿ, ಕಣ್ಣು ಹೋಗುತ್ತೆ. ದಮಣ್ ಇಲ್ಲೇ ಹತ್ತಿರ, ನಿಷೇಧವೂ ಇಲ್ಲ. ಅಲ್ಲಿ ಪೋರ್ಚುಗೀಸರ ಕಾಲದ ರುಚಿ ಇನ್ನೂ ಉಳಿದಿದೆ. ದ್ರಾಕ್ಷಿಯದೇ ಕೇಳಿ. ಬಾಟ್ಲಿ ಅಲ್ಲಾಡಿಸಿ ನೋಡಿ. ಬಣ್ಣ ಕಲಸಿದ್ದರೆ ಗಾಜಿಗೆ ಅಂಟುತ್ತೆ."

"ನಾನು ಪಾನನಿರೋಧ ಸಮಿತಿಯ ಕಾರ್ಯದರ್ಶಿ!" ಎಂದು ಗರ್ಜಿಸಿದೆ.

"ಒಳ್ಳೇದೇ ಆಯ್ತಲ್ಲ," ಎಂದ ಆತ. "ಯಾರಿಗೂ ಸಂಶಯ ಬರಲ್ಲ."

ಇದೆಲ್ಲ ನಟುಭಾಯಿಯ ಬಾಯಿಯಿಂದಲೇ ಹಬ್ಬಿದ್ದೆಂದು ಊಹಿಸಿ ಅವನನ್ನು ಹಿಡಿದು ಕೇಳಿದೆ. ಅವನು ತಲೆ ಕೆರೆದುಕೊಂಡು, ನನ್ನ ಮುಖವನ್ನೇ ನೋಡುತ್ತ, "ಗೋರ್ವಾದಲ್ಲಿ ಎಲ್ಲರಿಗೂ ಗೊತ್ತು, ಸಾಹೇಬ್. ಯಾವುದೋ ಮದ್ರಾಸಿ ಮನೆಯವರು ದಿನಾ ಬೆಳಿಗ್ಗೆ ಒಳ್ಳೇ ಸರಕು ಅಗ್ಗಕ್ಕೆ ಸಿಗುತ್ತಾ ಅಂತ ಅಂಗಡಿ ಅಂಗಡಿ ಅಲೀತಾರೆ," ಎಂದ. ಉತ್ತರದವರಿಗೆ ನಾವೆಲ್ಲರೂ ಮದ್ರಾಸಿಗಳೇ. ಬಡಾವಣೆಯಲ್ಲಿ ದಕ್ಷಿಣದ ಮನೆಗಳಿದ್ದದ್ದು ಎರಡು. ಒಂದು ನನ್ನದು. ಹಾಗಾದರೆ ಇನ್ನೊಂದು ಯಾವುದೆಂದು ತರ್ಕಶಾಸ್ತ್ರ ಓದದವರೂ ಹೇಳಬಲ್ಲರು: ಕೊಯಾಲಿಯ ತೈಲಶುದ್ಧಿ ಕಾರ್ಖಾನೆಯ ಫೋರ್‌ಮನ್ ರಂಗಪ್ಪನವರದು. ಆತನ ಕಣ್ಣುಗಳು ಸದಾ ಕೆಂಪಗಿರುತ್ತಿದ್ದುದನ್ನು ನಾನು ಮೊದಲೇ ಗಮನಿಸಿದ್ದೆ. ಅಂದೇ ಸಂಬಂಧಪಟ್ಟ ಅಧಿಕಾರಿಗಳಿಗೆ ಒಂದು ಮೂಗರ್ಜಿ ಬರೆದೆ. ಹನ್ನೊಂದು ಅಂಶಗಳು, ಏಳನೆಯದರಲ್ಲಿ ಮೂರು ಉಪಾಂಶಗಳು. "ಗೋರ್ವಾದ ದಾಕ್ಷಿಣಾತ್ಯ ಗೃಹವೊಂದರ ಕೆಂಗಣ್ಣಿನ ಯಜಮಾನ" ಎಂದು ಬರೆದೆನೇ ಹೊರತು ಹೆಸರು ಹಾಕಲಿಲ್ಲ. ಅದು ಸಭ್ಯತೆಯೆಂದು ಅಂದು ತಿಳಿದಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ಇನ್‌ಸ್ಪೆಕ್ಟರರು ಬಂದರು, ನಮ್ಮ ಮನೆಗೆ. ಕೈಯಲ್ಲಿ ನನ್ನ ಪತ್ರ, ಪಕ್ಕದಲ್ಲಿ ಕಿರಾಣಿ ಅಂಗಡಿಯ ಕಾಂತಿಲಾಲ, ಹಿಂದೆ ಅರ್ಧ ಬಡಾವಣೆ. ಸಮಿತಿಯ ಇಬ್ಬರು ಸದಸ್ಯರೂ ಅದರಲ್ಲಿದ್ದರು. ನಾನು ಗಳಿಸಿದ್ದ ಹೆಸರೆಲ್ಲ ಆ ಗೇಟಿನ ಬಳಿ ನಿಂತು ಒಳಗಿಣುಕುತ್ತಿತ್ತು. "ತಾವು ಮನೆ ತಪ್ಪಿದ್ದೀರಿ," ಎಂದು ನಾನು ವಿನಯದಿಂದ ರಂಗಪ್ಪನವರ ಮನೆಯತ್ತ ಬೆರಳು ತೋರಿಸಿದೆ. ಆ ಬೆರಳಿನ ತುದಿಗೆ ಸರಿಯಾಗಿ, ಗುಂಪಿನಲ್ಲಿ, ರಂಗಪ್ಪನವರೇ ನಿಂತಿದ್ದರು.

ಅಷ್ಟರಲ್ಲಿ ಅತ್ತೆಯವರು ಹೊರಬಂದರು. ಕಾಂತಿಲಾಲನನ್ನು ಕಂಡದ್ದೇ ಮುಖವರಳಿತು. "ಆವೋ, ಆವೋ! ಕೊನೆಗೂ ಬಂದ್ಯಾ? ಸಾರು ದಾರು ಲಾಯೋ? ಸಸ್ತು?"

ಗುಜರಾತಿನಲ್ಲಿ ದಾರು ಎಂದರೆ ಹೆಂಡವೆಂದು ಕನ್ನಡಿಗರಿಗೆ ನಾನು ವಿವರಿಸಬೇಕಾಗಿಲ್ಲ. 

"ನೋಡಿ ಸಾಹೇಬ್," ಎಂದ ಕಾಂತಿಲಾಲ, ಕೈಮುಗಿದು. "ದಿನಾ ಹೀಗೇ. ನಾನು ನಥಿ ಮಾಸಿ, ನಥಿ, ನಮ್ಮಲ್ಲಿಲ್ಲ ಅಂತೀನಿ. ಕೇಳೋದೇ ಇಲ್ಲ. ಪೂಜೆಗೆ ಅಂತಾರೆ!"

ಇನ್‌ಸ್ಪೆಕ್ಟರರು ಅನುಭವಸ್ಥರು. "ಯಾವ ಥರದ್ದು ಬೇಕು, ಮಾಸಿ? ಲಾಲ್ ಕೆ ಸಫೇದ್?" ಎಂದರು.

"ಎರಡೂ," ಎಂದರು ಅತ್ತೆ. ಕೆಂಪು, ಬಿಳಿ ಎಂಬುದಷ್ಟು ಅವರಿಗೆ ತಿಳಿದಿತ್ತು. ಅದು ಸಾಲದೆಂದೋ ಏನೋ, ಒಳಗೆ ಹೋಗಿ ಅರ್ಧ ಕಟ್ಟಿದ ಮಲ್ಲಿಗೆಯ ಮಾಲೆಯನ್ನು ತಂದು ಎತ್ತಿ ಹಿಡಿದರು. ಅದನ್ನು ಕಟ್ಟಿದ್ದ ಎಳೆಗಳು ಅವರ ಹಳೆಯ ಸೀರೆಯ ಅಂಚಿನಿಂದ ಬಿಡಿಸಿದಂಥವು. ಸೆರಗಿನ ಒಂದು ಮಗ್ಗುಲು ಮೊಳದುದ್ದ ಬರಿದಾಗಿತ್ತು. "ಈ ಮಾಲೆಗೆ ದಾರ ಸಾಲದು ಅಂತ ತಿಂಗಳಿಂದ ಬಡ್ಕೋತಿದೀನಿ," ಎಂದರು ಕನ್ನಡದಲ್ಲೇ, ನನ್ನತ್ತ ತಿರುಗಿ. "ಇವರಿಗೆ ಹೇಳಿದ್ರೆ ನಾಳೆ ಅಂತಾರೆ, ಊರಿನವರನ್ನ ಕೇಳಿದ್ರೆ ಓಡ್ಸಿಬಿಡ್ತಾರೆ."

ವಿಮಲಾ ಪ್ರತಿಯೊಂದು ಅಕ್ಷರವನ್ನೂ ಗುಜರಾತಿಗೆ ಅನುವಾದಿಸಿದಳು. "ನಾಳೆ" ಎಂಬುದನ್ನು ಎರಡು ಸಲ ಅನುವಾದಿಸಿದಳು. ಗುಂಪು ನಕ್ಕಿತು, ಇನ್‌ಸ್ಪೆಕ್ಟರರು ಕಣ್ಣೊರೆಸಿಕೊಂಡರು. ರಂಗಪ್ಪನವರು ಮಾತ್ರ ನಗದೆ ಹತ್ತಿರ ಬಂದರು. ಪತ್ರವನ್ನು ಇನ್‌ಸ್ಪೆಕ್ಟರರು ಬೀದಿಯಲ್ಲಿ ಮನೆ ವಿಚಾರಿಸುವಾಗಲೇ ಎಲ್ಲರೆದುರು ಓದಿದ್ದರು. ಅಂಶಗಳಿಗೆ ಹೀಗೆ ಸಂಖ್ಯೆ ಹಾಕುವವರು ಬಡಾವಣೆಯಲ್ಲಿ ಯಾರೆಂದು ಎಲ್ಲರಿಗೂ ಗೊತ್ತು. "ಕೆಂಗಣ್ಣು ರಾತ್ರಿಪಾಳೀದು, ಸ್ವಾಮಿ," ಎಂದರು ರಂಗಪ್ಪನವರು ಮೆಲ್ಲಗೆ. "ದಾರ ನಮ್ಮನೇಲಿ ಕೇಳಿದ್ರೂ ಕೊಡ್ತಿದ್ವಿ."

ಹೆಸರಿಡಲು ನನಗೆ ಯಾವ ಅನ್ಯಾಯವೂ ಸಿಗದೆ ಹೋದದ್ದು ಅದೇ ಮೊದಲು. ಒಂದಿತ್ತು, ಅದಕ್ಕೆ ನನ್ನದೇ ಹೆಸರಿತ್ತು. ಕ್ಷಮೆ ಕೇಳಿದೆ. ಅಂಶಗಳಾಗಿ ವಿಂಗಡಿಸದೆ ಕೇಳಿದೆ.

ಹೊರಡುವ ಮುನ್ನ ಇನ್‌ಸ್ಪೆಕ್ಟರರು ಕಿಟಕಿಯಲ್ಲಿದ್ದ ದ್ರಾಕ್ಷಾಸವದ ಸೀಸೆಯನ್ನೆತ್ತಿ ಮೂಸಿದರು.  "ಇದು ಸಾರು ಇಲ್ಲ," ಎಂದರು ಬೇಸರದಿಂದ. "ಬೆಲ್ಲ ಜಾಸ್ತಿ, ದ್ರಾಕ್ಷಿ ಕಡಿಮೆ. ಸೂರತ್ತಿನ ಸ್ಟೇಷನ್ ಹತ್ತಿರ ಒಬ್ಬ ವೈದ್ಯ ಇದ್ದಾನೆ. ಸಸ್ತು, ಆದರೆ ಶುದ್ಧ." ಪಾನನಿರೋಧ ಸಮಿತಿಯ ಕಾರ್ಯದರ್ಶಿ ಆ ವಿಳಾಸವನ್ನು ಬರೆದುಕೊಂಡ, ಬೇರೆ ಕಾಗದ ಸಿಗದೆ, ತನ್ನದೇ ಮೂಗರ್ಜಿಯ ಬೆನ್ನ ಮೇಲೆ.

ಮರುದಿನ ಕಚೇರಿಗೆ ತಡವಾದರೂ ಚಿಂತೆಯಿಲ್ಲವೆಂದು ಕಾಂತಿಲಾಲನ ಅಂಗಡಿಗೆ ಹೋದೆ. ಅಂಗಡಿಯ ತುಂಬ ಜನ. ನಾನು ಬಾಯಿ ತೆರೆಯುವ ಮೊದಲೇ ಅವನು ಬಿಳಿಯದೊಂದು, ಕೆಂಪಿನದೊಂದು ನೂಲುಂಡೆಯನ್ನು ತೆಗೆದು ತಲೆಗಿಂತ ಮೇಲೆತ್ತಿ ಹಿಡಿದು, ಬೀದಿಯ ಆ ತುದಿಗೂ ಕೇಳಿಸುವಂತೆ ಕೂಗಿದ: "ಕಾರ್ಯದರ್ಶಿ ಸಾಹೇಬರ ದಾರು!"

ತಪ್ಪನ್ನು ಕಂಡಲ್ಲೇ ತಿದ್ದುವವನು ನಾನು. ಆ ದಿನ ಎರಡೂ ಕೈ ಚಾಚಿ ತೆಗೆದುಕೊಂಡೆ. "ಸಾರು," ಎಂದೆ.