ಬಾವಿ ಬೀದಿ, ಇದ್ದ ಹಾಗೆ

ಕೆಂಪರಾಜ್ ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದ ಕೈಯನ್ನು ನೇರ ಚಾಚಿ, ಮುನಿಗಂಗಮ್ಮನ ಮನೆಯ ಮೆಟ್ಟಿಲನ್ನು ಅಳೆದದ್ದೇ ತಪ್ಪಾಯಿತು.

ಚಿತ್ರ ಬರೆಯುವವರೆಲ್ಲ ಹೀಗೇ ಅಳೆಯುತ್ತಾರೆ. ಆದರೆ ಅದು ೨೦೦೬ನೇ ಇಸವಿ. ಮರ್ಫಿ ಟೌನಿನ ಬಾವಿ ಬೀದಿಯಲ್ಲಿ ರಸ್ತೆ ಅಗಲ ಮಾಡುತ್ತಾರಂತೆ ಎಂಬ ಗಾಳಿಸುದ್ದಿ ಹಬ್ಬಿ ಒಂದು ವಾರವಾಗಿತ್ತು. ಬೀದಿಯ ಮಧ್ಯೆ ಸ್ಟೂಲು ಹಾಕಿಕೊಂಡು ಮನೆಗಳನ್ನು ಅಳೆಯುವವನು ಮಗ್ಗುಲ ಮನೆಯ ಕೆಂಪರಾಜನೇ ಆಗಿದ್ದರೂ ಮುನಿಗಂಗಮ್ಮ ಕೈಯ ಸೌಟು ಬಿಟ್ಟು ಹೊರಗೆ ಓಡಿಬಂದಳು.

ಒಂದು ಕಾಲಕ್ಕೆ ಕೆಂಪರಾಜನಿಗೆ ಕೈತುಂಬ ಕೆಲಸವಿತ್ತು. ಶಿವಾಜಿನಗರ, ಹಲಸೂರಿನ ಚಿತ್ರಮಂದಿರಗಳಲ್ಲಿ ಇಂಟರ್‌ವಲ್ಲಿನಲ್ಲಿ ತೋರಿಸುತ್ತಿದ್ದ ಗಾಜಿನ ಸ್ಲೈಡುಗಳ ಮೇಲೆ ಸೀರೆ ಅಂಗಡಿ, ಹಲ್ಲುಪುಡಿ, ಟೈಲರ್ ಶಾಪುಗಳ ಜಾಹೀರಾತು ಬರೆಯುತ್ತಿದ್ದ. ಇಡೀ ಥಿಯೇಟರು ಕಡಲೆಕಾಯಿ ತಿನ್ನುತ್ತಾ ತನ್ನ ಅಕ್ಷರ ಓದುವುದನ್ನು ಬಾಲ್ಕನಿಯ ಮೂಲೆಯಲ್ಲಿ ನಿಂತು ನೋಡುವುದು ಅವನ ಸುಖವಾಗಿತ್ತು. ಕಂಪ್ಯೂಟರ್ ಬಂತು, ಸ್ಲೈಡು ಹೋಯಿತು.

ಅದೇ ಕಂಪ್ಯೂಟರಿನಲ್ಲಿ ಅವನಿಗೆ ಮತ್ತೆ ನೋಡುಗರು ಸಿಕ್ಕಿದ್ದರು. ಶಮೀಮನ ಸೈಬರ್ ಕೆಫೆಯಲ್ಲಿ ಕೂತು 'ಬಣ್ಣದ ಕಟ್ಟೆ' ಎಂಬ ತಾಣ ತೆರೆದರೆ ಧಾರವಾಡ, ಕುಮಟಾ, ರಾಯಚೂರಿನಿಂದ ಮುಖ ಕಾಣದ ಚಿತ್ರಗಾರರು ತಮ್ಮ ಚಿತ್ರ ಹಾಕುತ್ತಿದ್ದರು. 'ಆಕಾಶ ಚೆನ್ನಾಗಿದೆ, ಮರಕ್ಕೆ ನೆರಳು ಕೊಡಿ' ಎಂದು ಒಬ್ಬರನ್ನೊಬ್ಬರು ತಿದ್ದುತ್ತಿದ್ದರು. ನಾವೇ ಕೊಳ್ಳದಿದ್ದರೆ ಇನ್ಯಾರು ಕೊಳ್ಳುತ್ತಾರೆ ಎಂದು ಒಬ್ಬರ ಚಿತ್ರ ಇನ್ನೊಬ್ಬರು ಕೊಳ್ಳುತ್ತಿದ್ದರು. ಕುಮಟಾದ ಯಾರೋ ಬರೆದ ಹಳೇ ಲಾಟೀನು ನೋಡಿ ಬಂದ ರಾತ್ರಿ ಕೆಂಪರಾಜ್ ಎಷ್ಟೋ ವರ್ಷದ ಮೇಲೆ ಬಣ್ಣದ ಡಬ್ಬಿ ತೆರೆದಿದ್ದ.

ಅಲ್ಲೇ ಅವನಿಗೆ ಮೊದಲ ಗಿರಾಕಿ ಸಿಕ್ಕಿದ್ದು. ಭದ್ರಾವತಿಯ ಹಂಸ ಎಂಬುವವರು. 'ನಾನು ಹುಟ್ಟಿ ಬೆಳೆದದ್ದು ನಿಮ್ಮ ಬಾವಿ ಬೀದಿಯಲ್ಲೇ. ನೋಡಿ ನಲವತ್ತು ವರ್ಷವಾಯಿತು. ನನಗೆ ಆ ಬೀದಿ ಬರೆದುಕೊಡಿ. ಇದ್ದದ್ದು ಇದ್ದ ಹಾಗೆ. ಒಂದು ಮೆಟ್ಟಿಲೂ ಆಚೀಚೆ ಆದರೆ ನಾನು ಒಪ್ಪೋದಿಲ್ಲ' ಎಂದು ಬರೆದಿದ್ದರು.

"ಇದೊಂದು ಸರಿಯಾಗಿ ಮಾಡಿ. ಇಲ್ದಿದ್ರೆ ನಮ್ಮಣ್ಣನ ಟೈರ್ ಅಂಗಡೀಲಿ ಬಿಲ್ ಬರೆಯೋಕ್ ಹೋಗಿ" ಎಂದು ಹೆಂಡತಿ ಸುಕನ್ಯ ಬೆಳಿಗ್ಗೆ ಸ್ಟೂಲು ಕೈಗೆ ಕೊಡುವಾಗಲೇ ಹೇಳಿದ್ದಳು.

"ಏನೋ ಕೆಂಪಾ ಅದು, ನನ್ ಮೆಟ್ಲು ಅಳೀತಿದ್ದೀಯ?" ಮುನಿಗಂಗಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಚಿತ್ರ ಬರೀತಿದ್ದೀನಿ ಗಂಗಮ್ಮ. ಭದ್ರಾವತಿಯವರೊಬ್ರು ಕೇಳಿದ್ದಾರೆ."

"ಭದ್ರಾವತಿಯವರಿಗೆ ನನ್ ಮೆಟ್ಲು ಯಾಕೋ?"

ಉತ್ತರ ಹೇಳುವಷ್ಟರಲ್ಲಿ ಅಮರಪ್ಪ ಬಂದರು. ಕೆಂಪರಾಜನ ಮನೆಯ ಓನರು. ನಿವೃತ್ತರಾದ ಮೇಲೆ ಬೀದಿಯ ಗುಟ್ಟುಗಳನ್ನೆಲ್ಲ ಬಿಡಿಸುವುದೇ ಅವರ ಕೆಲಸ.

"ಅಲ್ಲಾ ಗಂಗಮ್ಮ, ಇವನ ಚಿತ್ರಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನು? ಅದೂ ನಮ್ ಬೀದಿ ಚಿತ್ರಕ್ಕೆ? ಯೋಚ್ನೆ ಮಾಡು, ಯಾರಿಗೆ ಬೇಕು ಇದು?" ದನಿ ತಗ್ಗಿಸಿದರು. "ಕಾರ್ಪೊರೇಷನ್‌ನವ್ರಿಗೆ! ಹೊರಗಿನೋರು ಅಳೆಯೋಕ್ ಬಂದ್ರೆ ಜನ ಗಲಾಟೆ ಮಾಡ್ತಾರೆ ಅಂತ ನಮ್ಮವನನ್ನೇ ಕೂರಿಸಿದ್ದಾರೆ."

ಕೆಂಪರಾಜ್ ಆಣೆ ಹಾಕಿದ. ಇಂಟರ್‌ನೆಟ್ಟು, ಬಣ್ಣದ ಕಟ್ಟೆ, ಲಾಟೀನು ಎಲ್ಲ ವಿವರಿಸಿದ. ವಿವರಿಸಿದಷ್ಟೂ ಅನುಮಾನ ಇಡ್ಲಿ ಹಿಟ್ಟಿನಂತೆ ಉಬ್ಬಿತು.

"ಮುಖಾನೇ ನೋಡ್ದಿರೋರು ಬೆನ್ನು ತಟ್ಟಿ ದುಡ್ಡು ಕೊಡ್ತಾರಂತೆ!" ಅಮರಪ್ಪ ನಕ್ಕರು. "ಸುಳ್ಳು ಹೇಳೋದಾದ್ರೂ ಸರಿಯಾಗ್ ಹೇಳೋ."

ಸುದ್ದಿ ರಹೀಮನ ಚಹಾದಂಗಡಿಗೆ ಮುಟ್ಟಿತು. ಅವನ ಅಂಗಡಿಯ ಅರ್ಧ ಭಾಗ ಚರಂಡಿಯ ಮೇಲಿತ್ತು. ರಹೀಂ ಕೋಪ ಮಾಡಿಕೊಳ್ಳಲಿಲ್ಲ. ಏಲಕ್ಕಿ ಹಾಕಿದ ಚಹಾ ತಂದ.

"ಅರೆ ಭಾಯ್, ನನ್ ಅಂಗಡಿ ಸ್ವಲ್ಪ ಹಿಂದಕ್ಕೆ ಬರೀರಿ. ಚರಂಡಿ ಆ ಕಡೆ, ಅಂಗಡಿ ಈ ಕಡೆ. ಪೆನ್ಸಿಲ್ ತಾನೇ?"

"ರಹೀಂ, ಇದ್ದದ್ದು ಇದ್ದ ಹಾಗೇ ಬರೀಬೇಕು ಮಾರಾಯ. ಇಲ್ದಿದ್ರೆ ಆಯಮ್ಮ ಒಪ್ಪಲ್ಲ."

"ಯಾವ ಆಯಮ್ಮ? ಇಂಜಿನಿಯರಮ್ಮಾನಾ?"

ಮುನಿಗಂಗಮ್ಮ ಅಷ್ಟರಲ್ಲಿ ತನ್ನ ಮೆಟ್ಟಿಲ ಮೇಲೆ ಅಡ್ಡಡ್ಡ ಮಲಗಿಬಿಟ್ಟಿದ್ದಳು. "ಬರ್ಕೋ! ನನ್ನೂ ಸೇರಿಸಿ ಬರ್ಕೋ! ಜೆಸಿಬಿ ಬಂದ್ರೆ ನನ್ ಮೇಲೇ ಹತ್ಲಿ!"

ಅಮರಪ್ಪ ಕಿವಿಯ ಹತ್ತಿರ ಬಂದು, "ನಮ್ ಗೇಟು ಎರಡಡಿ ಒಳಗಿರ್ಲಿ. ಬಾಡಿಗೆ ಮಾತು ಆಮೇಲೆ ಆಡೋಣ" ಎಂದರು.

ಅಲ್ಲಿಗೆ ಕೆಂಪರಾಜನ ಕಲೆ ಕೈಬಿಟ್ಟಿತು, ರಬ್ಬರು ಕೈಸೇರಿತು. ಗಂಗಮ್ಮನ ಮೆಟ್ಟಿಲು ಅಳಿಸಿದ. ರಹೀಮನ ಅಂಗಡಿ ಹಿಂದೆ ಸರಿಸಿದ. ಅಮರಪ್ಪನವರ ಗೇಟು ಒಳಗೆ ಹೋಯಿತು. ಇಷ್ಟಾದ ಮೇಲೆ ಉಳಿದವರು ಬಿಡುತ್ತಾರೆಯೇ? ಹಂದಿಗೂಡಿನಂತೆ ಬೀದಿಗೆ ಚಾಚಿದ್ದ ಬಚ್ಚಲುಗಳು, ಸ್ಕೂಟರ್ ಹತ್ತಿಸುವ ಇಳಿಜಾರುಗಳು, ಕೋಳಿಗೂಡುಗಳು ಸಾಲಾಗಿ ಮಾಯವಾದವು. ಕೊನೆಗೆ ಗಂಗಮ್ಮ, "ನಿನ್ ಶೆಡ್ಡು? ಅದೊಂದ್ ದೊಡ್ ಮನ್ಸನ ಹಂಗೆ ಉಳಿದ್ಬುಟ್ಟೈತೆ" ಎಂದಾಗ, ಚಿತ್ರ ಬರೆಯಲು ಕಟ್ಟಿಕೊಂಡಿದ್ದ ತನ್ನ ತಗಡಿನ ಶೆಡ್ಡನ್ನೂ ಅಳಿಸಬೇಕಾಯಿತು.

ಬಣ್ಣ ತುಂಬಿ ನೋಡಿದ. ಕಾಗದದ ಮೇಲೆ ಬೀದಿ ಅಂಗಳದಂತೆ ಅಗಲವಾಗಿತ್ತು. ಎಲ್ಲೋ ನೋಡಿದ ಹಾಗಿತ್ತು, ಎಲ್ಲೆಂದು ಹೊಳೆಯಲಿಲ್ಲ.

ಸಂಜೆ ಅವನು ಶಮೀಮನ ಕೆಫೆಗೆ ಹೊರಟರೆ ಗಂಗಮ್ಮ, ರಹೀಂ, ಅಮರಪ್ಪ ಮೂವರೂ ಹಿಂದೆ ಬಂದರು, ಅವನು ದಾರಿಯಲ್ಲಿ ಏನಾದರೂ ತಿದ್ದಿಬಿಟ್ಟಾನೆಂದು. ಶಮೀಮ್ ಚಿತ್ರವನ್ನು ಸ್ಕ್ಯಾನ್ ಮಾಡಿದ. ಕೆಂಪರಾಜ್ ಎರಡೇ ಬೆರಳಿನಲ್ಲಿ, 'ತಪ್ಪಿದ್ದರೆ ಕ್ಷಮಿಸಿ' ಎಂದು ಒತ್ತಿ ಕಳಿಸಿದ. ಪರದೆಯ ಮೇಲೆ 'ಹಂಸ, ಭದ್ರಾವತಿ' ಎಂಬ ಹೆಸರು ಕಂಡಾಗ ಅಮರಪ್ಪ ಕನ್ನಡಕ ಒರೆಸಿಕೊಂಡರು.

"ಹಂಸಾನಾ? ಬಾವಿ ಪಕ್ಕದ ಮನೆ ಹಂಸಾನಾ?" ಮುನಿಗಂಗಮ್ಮ ಕುರ್ಚಿ ಹಿಡಿದುಕೊಂಡಳು. "ಅಯ್ಯೋ, ನನ್ ಜೊತೆ ಕುಂಟೆಬಿಲ್ಲೆ ಆಡ್ತಿದ್ಲು ಕಣೋ!"

"ಹಾಗಾದ್ರೆ ನಿಜವಾಗ್ಲೂ ಚಿತ್ರಾನೇ ಏನೋ?" ಅಮರಪ್ಪ ರೇಗಿದರು. "ಮೊದ್ಲೇ ಹೇಳೋಕ್ ಏನಾಗಿತ್ತು ನಿಂಗೆ?"

ಕೆಂಪರಾಜನಿಗೆ ಅಳು ಬಂತು. ಕಳಿಸಿದ್ದು ಹೋಗಿಯಾಗಿತ್ತು. ಒಂದು ಮೆಟ್ಟಿಲಲ್ಲ, ಬೀದಿಗೆ ಬೀದಿಯನ್ನೇ ಆಚೀಚೆ ಮಾಡಿದ್ದ. ಕಣ್ಣೆದುರು ಬಾವನ ಟೈರ್ ಅಂಗಡಿ ಸುತ್ತತೊಡಗಿತು.

ಸ್ವಲ್ಪ ಹೊತ್ತಿಗೇ ಉತ್ತರ ಬಂತು. ಕೆಂಪರಾಜ್ ಕಣ್ಣು ಮುಚ್ಚಿಕೊಂಡ, ಶಮೀಮ್ ಓದಿದ.

'ಕೆಂಪರಾಜ್ ಅವರೇ, ನಾನು ಅಳುತ್ತಾ ಬರೆಯುತ್ತಿದ್ದೇನೆ. ಇದೇ ನನ್ನ ಬೀದಿ! ಇಷ್ಟೇ ಅಗಲವಿತ್ತು. ಹಾಲಿನ ಎತ್ತಿನಗಾಡಿ ಒಂದೇ ಸುತ್ತಿಗೆ ತಿರುಗುತ್ತಿತ್ತು. ನಾವು ಅಡ್ಡಡ್ಡ ಹಗ್ಗ ಹಿಡಿದು ಹಾರುತ್ತಿದ್ದೆವು. ಯಾವ ಮನೆಯವರೂ ಒಂದು ಗೇಣು ಮುಂದೆ ಬಂದಿರಲಿಲ್ಲ. ನಲವತ್ತು ವರ್ಷದ ಹಿಂದಿನ ಬೀದಿಯನ್ನು ಹೇಗೆ ಬರೆದಿರಿ? ಇನ್ನೂ ನಾಲ್ಕು ಚಿತ್ರ ಬರೆದುಕೊಡಬೇಕು.'

"ಹೌದು ಕಣೋ" ಎಂದು ಮುನಿಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗೇ ಇತ್ತು. ಬೆಳದಿಂಗಳಲ್ಲಿ ಬೀದಿಗೇ ಚಾಪೆ ಹಾಕ್ಕೊಂಡು ಮಲಗ್ತಿದ್ವಿ." ಅಮರಪ್ಪನವರೂ ಮೂಗು ಒರೆಸಿಕೊಂಡರು. ರಹೀಂ ಕೆಂಪರಾಜನನ್ನು ಅಪ್ಪಿಕೊಂಡು, "ನಾಳೆಯಿಂದ ನಿಂಗೆ ಚಹಾ ಫ್ರೀ!" ಎಂದು ಘೋಷಿಸಿದ.

"ಇನ್ನೂ ಇದೆ" ಎಂದು ಶಮೀಮ್ ಮುಂದೆ ಓದಿದ.

'ಚಿತ್ರವನ್ನು ನನ್ನ ತಮ್ಮ ಪ್ರೇಮ್‌ಕುಮಾರನಿಗೂ ಕಳಿಸಿ ಫೋನ್ ಮಾಡಿದೆ. ಬೀದಿ ಬಿಟ್ಟಾಗ ಕೈಗೂಸಾಗಿದ್ದವನು ಈಗ ನಿಮ್ಮ ಕಡೆಯ ರಸ್ತೆಗಳ ಎಂಜಿನಿಯರು. ಮೊದಲು ಬೀದಿ ಎಲ್ಲಿಯತನಕ ಇತ್ತು ಅಂತ ತೋರಿಸೋರು ಸಿಗದೆ ಒದ್ದಾಡುತ್ತಿದ್ದನಂತೆ, ತುಂಬಾ ಖುಷಿಪಟ್ಟ. ಸೋಮವಾರ ಚಿತ್ರ ಹಿಡಿದುಕೊಂಡು ಟೇಪು ಸಮೇತ ಬರುತ್ತಾನೆ. ನೀವು ಜೊತೆಗಿದ್ದು ಒಂದೊಂದು ಮನೆಯನ್ನೂ ತೋರಿಸಿಕೊಡಬೇಕಂತೆ.'

ಕೆಂಪರಾಜ್ ಹಿಂದೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಹೆಗಲ ಮೇಲೆ ಒಂದು ಕೈ ಬಿತ್ತು. ಅಮರಪ್ಪನವರದು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ಬಹುವಚನ ಬಂತು.

"ಕಲಾವಿದರೇ," ಎಂದರು ಬಹಳ ಮೆತ್ತಗೆ, "ಸ್ವಲ್ಪ ಹೊರಗೆ ಬನ್ನಿ."