ಕೆಮ್ಮದ ವ್ಯಾನೂ ಕಿವಿಗೊಟ್ಟ ಹೆಂಡತಿಯೂ

ನಮ್ಮ ವ್ಯಾನು ನಮ್ಮ ಮದುವೆಗಿಂತ ಹಳೆಯದು. ಎರಡೂ ಇಷ್ಟು ವರ್ಷ ಓಡಿಕೊಂಡು ಬಂದಿರುವುದು ತಮ್ಮ ಮಗಳ ದೆಸೆಯಿಂದ ಎಂದು ನನ್ನ ಅತ್ತೆ ಆಗಾಗ ಹೇಳುತ್ತಿರುತ್ತಾರೆ. ನಾನು ಒಪ್ಪಿರಲಿಲ್ಲ. ಕಳೆದ ಶನಿವಾರ ಒಪ್ಪಬೇಕಾಯಿತು.

ನನ್ನವಳದು ಹೊಲಿಗೆ ಕೆಲಸ. ಶಾಲೆಯ ಮಕ್ಕಳ ನಾಟಕಕ್ಕೆಂದು ಅವಳು ಕಣ್ಣು ಕೆಂಪಗಾಗುವಷ್ಟು ಕೂತು ಹೊಲಿದ ಸಿಂಹ, ಕರಡಿ, ರಾಜ, ರಾಣಿ, ಜೊತೆಗೆ ಅರ್ಧ ಕಾಡು, ಎಲ್ಲವೂ ವ್ಯಾನಿನ ಹಿಂಭಾಗ ಸೇರಿದ್ದವು. ಮುಂದಿನ ಸೀಟಿನಲ್ಲಿ ಅತ್ತೆಯವರು ರಾಜನ ಕಿರೀಟವನ್ನು ಮಡಿಲಲ್ಲಿಟ್ಟುಕೊಂಡು ವಿರಾಜಮಾನರಾಗಿದ್ದರು. ಇನ್ನೇನು ಸ್ವಲ್ಪ ಹೊತ್ತಿನಲ್ಲಿ ಪರದೆ ಏಳಬೇಕು. ನಾನು ಕೀ ತಿರುಗಿಸಿದೆ. ‘ಕಟ್’ ಎಂದಿತು. ಮತ್ತೆ ತಿರುಗಿಸಿದೆ. ಅದೂ ಇಲ್ಲ.

“ಇಂಜಿನ್ ಹೋಗಿದೆ,” ಎಂದು ತೀರ್ಪು ಕೊಟ್ಟೆ. (ಏನೇ ಕೆಟ್ಟರೂ ಅದರ ಅತಿ ದೊಡ್ಡ ಭಾಗವೇ ಕೆಟ್ಟಿದೆ ಎನ್ನುವುದು ನನ್ನ ಪದ್ಧತಿ. ಸಣ್ಣ ಭಾಗಗಳ ಹೆಸರು ನನಗೆ ಗೊತ್ತಿಲ್ಲ.)

“ರೀ, ಹಾರನ್ ಒತ್ತಿ,” ಎಂದಳು ಹೆಂಡತಿ.

“ರಸ್ತೇಲಿ ಯಾರೂ ಇಲ್ವಲ್ಲ.”

“ಒತ್ತಿ ಅಂದೆ.”

ಒತ್ತಿದೆ. ನೆಗಡಿಯಾದ ಬೆಕ್ಕಿನ ಹಾಗೆ ಕುಂಯ್ ಎಂದಿತು.

“ಇಂಜಿನ್ ಅಲ್ಲ, ಕರೆಂಟ್ ಸಾಲ್ತಿಲ್ಲ. ಒಂದು ಹಳೇ ಬ್ರಶ್ಶು, ಬಿಸಿನೀರು ತನ್ನಿ.”

ಹಳೆಯ ಬ್ರಶ್ಶು ಸಿಗದೆ ನನ್ನ ಹಲ್ಲುಜ್ಜುವ ಬ್ರಶ್ಶನ್ನೇ ತಂದೆ. ಅವಳು ಬ್ಯಾಟರಿಯ ವೈರು ಬಿಚ್ಚಿ, ತುದಿಗೆ ಮೆತ್ತಿದ್ದ ಹಸಿರು ಬೂಷ್ಟನ್ನೆಲ್ಲ ಅದರಿಂದ ಉಜ್ಜಿ ಉಜ್ಜಿ ತೆಗೆದು, ಒರೆಸಿ, ಬಿಗಿದಳು. ನಾನು ಕೀ ತಿರುಗಿಸಿದೆ. ಇಂಜಿನ್ ಗರಗರ ತಿರುಗಿತು, ಆದರೆ ಹೊತ್ತಿಕೊಳ್ಳಲಿಲ್ಲ.

“ಬಿಡು, ಆಟೋ ಕರೀತೀನಿ.”

“ಒಂದು ಆಟೋಲಿ ಕಾಡು ಹಿಡಿಯುತ್ತಾ? ಸುಮ್ನಿರಿ.” ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಹಾಗೇ ಅವಳು ಬಗ್ಗಿ ಕಿವಿಗೊಟ್ಟಳು. “ತಿರುಗ್ತಿದೆ ಅಂದ್ರೆ ಕರೆಂಟ್ ಸರಿಯಾಯ್ತು. ಹೊತ್ಕೋತಿಲ್ಲ ಅಂದ್ರೆ ಡೀಸೆಲ್ ಬರ್ತಿಲ್ಲ. ಹೊಲಿಗೆ ಮೆಷಿನ್ನೂ ಹೀಗೇನೇ. ಎಲ್ಲೀವರೆಗೆ ಸರಿಯಿದೆ ಅಂತ ನೋಡ್ತಾ ಹೋದ್ರೆ ತಪ್ಪು ತಾನಾಗೇ ಸಿಗುತ್ತೆ.”

ಫಿಲ್ಟರಿನ ಮೇಲಿನ ಸಣ್ಣ ತಿರುಪನ್ನು ಸಡಿಲಿಸಿ, ಪಕ್ಕದ ಕೈಪಂಪನ್ನು ಒತ್ತಿದಳು. ಡೀಸೆಲಿಗೆ ಬದಲಾಗಿ ಬುಸುಬುಸು ನೊರೆ ಬಂತು.

“ಒಳಗೆ ಗಾಳಿ ಸೇರ್ಕೊಂಡಿದೆ.”

“ಕೆಲವರಿಗೂ ಹಾಗೇ,” ಎಂದರು ಅತ್ತೆ, ನನ್ನ ಕಡೆ ನೋಡುತ್ತಾ. “ಮಾತು ಜಾಸ್ತಿ, ಓಟ ಕಡಿಮೆ.”

ನೊರೆ ನಿಂತು ಡೀಸೆಲ್ ಸಲೀಸಾಗಿ ಬರುವವರೆಗೂ ಒತ್ತಿ, ತಿರುಪು ಬಿಗಿದು, “ಈಗ ನೋಡಿ,” ಎಂದಳು. ತಿರುಗಿಸಿದೆ. ವ್ಯಾನು ಕೆಮ್ಮಿತು, ಕ್ಯಾಕರಿಸಿತು, ಒಂದು ಮೋಡದಷ್ಟು ಹೊಗೆ ಬಿಟ್ಟು ಗುಡುಗಿತು. ಹೊಗೆಯ ನಡುವೆ ಕೆನ್ನೆಗೆ ಮಸಿ ಮೆತ್ತಿಕೊಂಡು ನಿಂತಿದ್ದ ನನ್ನ ಹೆಂಡತಿ ಸಾಕ್ಷಾತ್ ಯಂತ್ರಾಧಿದೇವತೆಯಂತೆ ಕಂಡಳು. ಅವಳು ಕೈ ಆಡಿಸುತ್ತಾ ಏನೋ ಹೇಳಿದಳು. ಆ ಸದ್ದಿನಲ್ಲಿ ಕೇಳಿಸಲಿಲ್ಲ. ಇಂಥ ಗಳಿಗೆಯಲ್ಲಿ ಅವಳ ಒಂದು ಮಾತೂ ತಪ್ಪಿಹೋಗಬಾರದೆಂದು ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದೆ.

“ಏನಂದೆ?”

“ಆಫ್ ಮಾಡ್ಬೇಡಿ ಅಂದೆ.”

ಬ್ಯಾಟರಿ ತನ್ನ ಕೊನೆಯ ಉಸಿರನ್ನು ಆಗಲೇ ಖರ್ಚು ಮಾಡಿತ್ತು. ಹೆಂಡತಿ ಬಂದು ಸ್ಟೀರಿಂಗ್ ಹಿಡಿದಳು. ನಾನು ಹಿಂದಕ್ಕೆ ಹೋಗಿ ಭುಜ ಕೊಟ್ಟೆ.

“ಅತ್ತೆಯವರು ಸ್ವಲ್ಪ ಇಳಿದ್ರೆ...”

“ಕಿರೀಟ ಯಾರು ಹಿಡ್ಕೋತಾರೆ ಅಳಿಯಂದ್ರೇ? ತಳ್ಳಿ.”

ತಳ್ಳಿದೆ. ಮೂಲೆಯ ಇಳಿಜಾರಿನಲ್ಲಿ ಅವಳು ಗೇರ್ ಹಾಕಿದಳು. ವ್ಯಾನು ಜಗ್ಗಿ, ಗುಡುಗಿ, ಇದ್ದ ಹೊಗೆಯನ್ನೆಲ್ಲ ನನ್ನ ಮುಖಕ್ಕೇ ಕೊಟ್ಟು ಹೊರಟಿತು. ನಿಲ್ಲಿಸಲಿಲ್ಲ. ನಿಲ್ಲಿಸಬಾರದು ಎಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಎಷ್ಟು ನಾಜೂಕಾಗಿ ತಿರುವು ತೆಗೆದುಕೊಂಡಳೆಂದರೆ, ಬೀದಿಯಲ್ಲಿ ಒಬ್ಬನೇ ನಿಂತು ಕೈ ತಟ್ಟಿಬಿಟ್ಟೆ.

ಎದುರುಮನೆಯಾಕೆ ಕಿಟಕಿ ತೆರೆದರು.

“ವ್ಯಾನ್ ಸರಿಯಾಯ್ತಾ?”

“ಆಯ್ತು,” ಎಂದೆ, ಎದೆಯುಬ್ಬಿಸಿ. “ನಾವೇ ಸರಿಮಾಡಿದ್ವಿ.”

ಅವರು ನನ್ನ ಕಪ್ಪು ಮುಖವನ್ನು ದಿಟ್ಟಿಸಿದರು.

“ಓ, ಮೆಕ್ಯಾನಿಕ್ಕಾ? ಪಾಪ, ಮನೆಯವರೆಲ್ಲ ನಿಮ್ಮನ್ನ ಬಿಟ್ಟು ಹೋಗ್ಬಿಟ್ರಲ್ಲ. ಆ ಮನೆ ಯಜಮಾನರು ಬಂದ್ಮೇಲೆ ನಿಮ್ಮ ದುಡ್ಡಿನ ವಿಷಯ ಹೇಳ್ತೀನಿ.”