ಮೇಸ್ತ್ರಿಯ ಸ್ವರಕ್ಕೆ ಬದಲಿ

ನಾನು ಐದು ಭಾಷೆಗಳಲ್ಲಿ ಪಾಪ್ ಹಾಡು ಹಾಡುವವಳು. ಒಂದೇ ಭಾಷೆಯಲ್ಲಿ ಹಾಡುವವರಿಗೆ ಒಂದು ಸಲ ಆಗುವ ಫಜೀತಿ ನನಗೆ ಐದು ಸಲ ಆಗುತ್ತದೆ. ಈಗೀಗ ಅಭ್ಯಾಸವಾಗಿದೆ.

ಈ ಭಾಷೆಗಳನ್ನು ನನಗೆ ಕಲಿಸಿದ್ದು ಅಪ್ಪ. ಅವನು ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ. ಕೆಲಸಕ್ಕೆ ತುಳುವರು ಬರಲಿ, ತಮಿಳರು ಬರಲಿ, ಮಲಯಾಳಿಗಳು ಬರಲಿ, ಅವರವರ ಭಾಷೆಯಲ್ಲೇ ಕೂಗಿ ಕೆಲಸ ಮಾಡಿಸುತ್ತಿದ್ದ. ಕೆಲಸದವರ ಲೈನ್ ಮನೆಯ ಜಗಲಿಯಲ್ಲಿ ಕೂತು ಆ ಕೂಗು ಕೇಳಿಯೇ ನಾನು ಕಲಿತೆ. ಹಿಂದಿಯೊಂದು ಮಾತ್ರ ತಿರುಗುಮುರುಗು. ಈಚೆಗೆ ಅಸ್ಸಾಮಿನವರು ಬಂದಾಗ ಅಪ್ಪ ನನಗೆ ಫೋನ್ ಮಾಡಿ ಕಲಿತುಕೊಂಡ.

೧. ಮೊದಲ ಪ್ರೇಮಗೀತೆ

ಚೆನ್ನೈನ ಸ್ಟುಡಿಯೋದಲ್ಲಿ ನನ್ನ ಮೊದಲ ತಮಿಳು ಹಾಡಿನ ರೆಕಾರ್ಡಿಂಗ್. ಹುಡುಗಿ ತನ್ನ ಹುಡುಗನನ್ನು 'ಬೇಗ ಬಾ' ಎಂದು ಕರೆಯುವ ಸಾಲು. ಕಣ್ಣು ಮುಚ್ಚಿ, ಮನಸ್ಸಿಟ್ಟು ಹಾಡಿದೆ. ಸಂಗೀತ ನಿರ್ದೇಶಕರು ನಾಲ್ಕು ಸಲ ನಿಲ್ಲಿಸಿದರು. ಐದನೇ ಸಲ ಗಾಜಿನ ಆಚೆಯಿಂದ ಎದ್ದೇ ಬಂದರು.

"ಸ್ವರ ಸರಿ ಇದೆ, ಉಚ್ಚಾರವೂ ಸರಿ ಇದೆ. ಆದ್ರೆ ಆ ಹುಡುಗನನ್ನ ಯಾಕಮ್ಮ ಹೀಗೆ ಗದರಿಸ್ತೀಯ?"

ನನಗೆ ಬರುತ್ತಿದ್ದ ತಮಿಳೆಲ್ಲ ಅಪ್ಪ ತೋಟದಲ್ಲಿ ಕೂಗುತ್ತಿದ್ದ ತಮಿಳು. ಆ ಭಾಷೆಯಲ್ಲಿ ಯಾರಾದರೂ ಯಾರನ್ನಾದರೂ ಪ್ರೀತಿಯಿಂದ 'ಬಾ' ಅಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು.

"ನೀನು ಹೀಗೆ ಕರೆದ್ರೆ ಅವನು ಬಂದೇ ಬರ್ತಾನೆ. ಆದ್ರೆ ಕಾಫಿ ಕೊಯ್ಯೋ ಬುಟ್ಟಿ ಹಿಡ್ಕೊಂಡು ಬರ್ತಾನೆ!"

೨. ಕಳಸದ ಬಸ್ಸು

ಮುಂದೆ ನನ್ನದೊಂದು ತುಳು ಹಾಡು ಎಲ್ಲರ ಬಾಯಿಗೂ ಬಂತು. ಅಪ್ಪ ಮಾತ್ರ ಅದರ ಬಗ್ಗೆ ಚಕಾರ ಎತ್ತಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನಿಜ. ಆದರೆ ಗಿಡಕ್ಕೂ ಬೇಜಾರಾಗುತ್ತದೆ.

ಒಂದು ದಿನ ಇಬ್ಬರೂ ಮೂಡಿಗೆರೆಯಿಂದ ಕಳಸಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಡ್ರೈವರ್ ಅದೇ ಹಾಡು ಹಾಕಿದ. ನಾನು ಹೊರಗೆ ನೋಡುವವಳ ಹಾಗೆ ಅಪ್ಪನ ಮುಖವನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಗುರುತಿನ ಕಂಡಕ್ಟರ್ ಹತ್ತಿರ ಬಂದ.

"ಮೇಸ್ತ್ರಿಗಳೇ, ನಿಮ್ ಮಗಳದ್ದೇ ಹಾಡಲ್ವಾ? ಜೋರು ಮಾಡ್ಸ್ಲಾ?"

"ಸಣ್ಣ ಮಾಡ್ಸು ಮಾರಾಯ," ಅಂದ ಅಪ್ಪ. "ನಮ್ಗೆ ಈ ಸ್ವರ ಮನೇಲಿ ಇಪ್ಪತ್ತು ವರ್ಷ ಕೇಳಿ ಸಾಕಾಗಿದೆ."

೩. ಸ್ಲೇಟು

ಅಪ್ಪನಿಗೆ ಗಂಟಲಲ್ಲಿ ಗಡ್ಡೆಯಾಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಗುಡ್ಡದ ಆಚೆ ಮಗ್ಗುಲಿಗೂ ಕೇಳುತ್ತಿದ್ದ ಸ್ವರ ಅಲ್ಲಿಗೆ ಮುಗಿಯಿತು. ಇದನ್ನು ನಗಿಸುವಂತೆ ಬರೆಯಲು ನನಗೆ ಬರುವುದಿಲ್ಲ. ಕೈಗೆ ಒಂದು ಸ್ಲೇಟು ಕೊಟ್ಟೆವು. ಹೇಳುವುದನ್ನೆಲ್ಲ ಅದರಲ್ಲಿ ಬರೆಯತೊಡಗಿದ.

ಒಬ್ಬರು ನರ್ಸ್ ನನ್ನ ಗುರುತು ಹಿಡಿದರು. "ಒಂದೇ ಒಂದು ಸಾಲು ಹಾಡಿ ಮೇಡಮ್. ನಿಮ್ ತಂದೆಯವ್ರಿಗೂ ಸಮಾಧಾನ ಆಗುತ್ತೆ."

ನನಗೆ ಕಣ್ಣು ತುಂಬಿ ಬಂತು. ಮಂಚದ ಪಕ್ಕ ನಿಂತು ಬಾಯಿ ತೆರೆದೆ. ಅಪ್ಪ ಕೈಸನ್ನೆ ಮಾಡಿ ತಡೆದು, ಸ್ಲೇಟಿನಲ್ಲಿ ಬರೆದು ತೋರಿಸಿದ:

"ಬೇಡ. ಪಕ್ಕದ ಮಂಚದವರಿಗೆ ಈಗಷ್ಟೇ ನಿದ್ದೆ ಹತ್ತಿದೆ."

೪. ನನ್ನ ಮೇಸ್ತ್ರಿಗಿರಿ

ಕೊಯ್ಲಿನ ಹೊತ್ತಿಗೆ ಅಪ್ಪ ಸುಧಾರಿಸಿಕೊಂಡ. ಎಸ್ಟೇಟಿನ ಸಾಹುಕಾರರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಅದಕ್ಕೇ ಅವರ ಮಾತು ಇನ್ನಷ್ಟು ಚುಚ್ಚಿತು. "ಸ್ವರವೇ ಇಲ್ದೆ ಮೇಸ್ತ್ರಿ ಕೆಲ್ಸ ಹೇಗೆ ಹೇಳಿ? ಮನೇಲೇ ಆರಾಮಾಗಿರಿ."

ಮೂವತ್ತು ವರ್ಷ ತೋಟ ಸುತ್ತಿದ ಮನುಷ್ಯ. ಸ್ಲೇಟನ್ನು ಮಡಿಲಲ್ಲಿ ಮಗುಚಿಟ್ಟ. ನನಗೆ ತಡೆಯಲಾಗಲಿಲ್ಲ.

"ಈ ಕೊಯ್ಲಿಗೆ ಅಪ್ಪನ ಸ್ವರ ನಾನು," ಅಂದೆ. "ಐದೂ ಭಾಷೆ ಬರುತ್ತೆ."

"ಒಂದು ವಾರ ನೋಡೋಣ," ಅಂದರು ಸಾಹುಕಾರರು. ನಾನು ಎರಡು ಕಾರ್ಯಕ್ರಮ ರದ್ದು ಮಾಡಿ, ಕಾಲಿಗೆ ಗಂಬೂಟು ಏರಿಸಿ ತೋಟಕ್ಕಿಳಿದೆ.

ನಾಲ್ಕನೇ ದಿನ ಮಧ್ಯಾಹ್ನ ಆಕಾಶ ಒಮ್ಮೆಲೇ ಕಪ್ಪಿಟ್ಟಿತು. ಕಣದ ತುಂಬ ಒಣಗಲು ಹರಡಿದ್ದ, ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ. ಅದು ನೆನೆದರೆ ಬೂಸ್ಟು ಹಿಡಿದು ಹಾಳು. ಆಳುಗಳೆಲ್ಲ ಎದುರಿನ ಇಳಿಜಾರಿನಲ್ಲಿ ಹಣ್ಣು ಕೊಯ್ಯುತ್ತಿದ್ದರು. ಅವರನ್ನು ಕರೆ ಎಂದು ಅಪ್ಪ ಸನ್ನೆ ಮಾಡಿದ.

ನಾನು ಕಟ್ಟೆ ಹತ್ತಿ ಉಸಿರು ತುಂಬಿಕೊಂಡು 'ಮಳೆ ಬಂತು, ಕಣಕ್ಕೆ ಬನ್ನಿ' ಎಂದು ಐದು ಭಾಷೆಯಲ್ಲೂ ಕೂಗಿದೆ. ದೂರಕ್ಕೆ ಕೇಳಲಿ ಎಂದು ಎಳೆದು ಕೂಗಿದ್ದೇ ತಪ್ಪಾಯಿತು. ಇಷ್ಟು ವರ್ಷದ ಅಭ್ಯಾಸ, ಎಳೆದದ್ದೆಲ್ಲ ರಾಗವಾಗಿಬಿಟ್ಟಿತು. ಇಳಿಜಾರಿನಲ್ಲಿ ಎಲ್ಲರೂ ಕೊಯ್ಯುವುದನ್ನು ಬಿಟ್ಟು ನಿಂತರು. ಕೆಲವರು ಮೊಬೈಲ್ ಎತ್ತಿ ಹಿಡಿದರು. ಚಪ್ಪಾಳೆ ಬಿತ್ತು. ಮೇಲಿನ ಸಾಲಿನಿಂದ ಒಬ್ಬ ಕೂಗಿದ:

"ಒನ್ಸ್ ಮೋರ್, ಅಕ್ಕಾ!"

ಅಪ್ಪ ನನ್ನನ್ನೊಮ್ಮೆ ನೋಡಿದ. ಪಂಚೆ ಎತ್ತಿ ಕಟ್ಟಿ, ಕಾಫಿ ಬಳಿಯುವ ಗೋರುಮಣೆ ಹಿಡಿದು ಕಣದತ್ತ ಓಡಿದ. ಮೂವತ್ತು ವರ್ಷದಲ್ಲಿ ಮೇಸ್ತ್ರಿ ಓಡಿದ್ದನ್ನು ಆ ತೋಟದಲ್ಲಿ ಯಾರೂ ಕಂಡವರಿಲ್ಲ. ಚಪ್ಪಾಳೆ ಅಲ್ಲೇ ನಿಂತಿತು. ಬುಟ್ಟಿಗಳನ್ನು ಅಲ್ಲಲ್ಲೇ ಬಿಟ್ಟು ಎಲ್ಲರೂ ಬಿದ್ದೆದ್ದು ಓಡಿ ಬಂದರು. ಮಳೆ ಜೋರಾಗುವಷ್ಟರಲ್ಲಿ ಕಾಫಿ ರಾಶಿಯಾಗಿ, ಮೇಲೆ ಟಾರ್ಪಾಲು ಬಿದ್ದಿತ್ತು.

ಗೋಡೌನಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ಸಾಹುಕಾರರು ಅಪ್ಪನ ಹತ್ತಿರ ಬಂದರು. "ಮೇಸ್ತ್ರಿಗಳೇ, ಮನೇಲಿರಿ ಅಂದಿದ್ದು ನನ್ನ ತಪ್ಪು. ಕೈಲಾಗೋವರೆಗೂ ನೀವು ಬರ್ಬೇಕು." ಆಮೇಲೆ ನನ್ನತ್ತ ತಿರುಗಿ ಕೈ ಮುಗಿದರು. "ನೀನೊಬ್ಬಳು ನಾಳೆಯಿಂದ ಬರ್ಬೇಡ ಮಾರಾಯ್ತಿ. ತೋಟದ ಕೆಲ್ಸವೇ ನಿಂತ್ಹೋಗುತ್ತೆ."

ವೇದಿಕೆಯಿಂದ ನನ್ನನ್ನು ಯಾರೂ ಇಳಿಸಿರಲಿಲ್ಲ. ತೋಟದಿಂದ ನಾಲ್ಕೇ ದಿನಕ್ಕೆ ಕಳಿಸಿದರು. ನಗು, ಅಳು ಎರಡೂ ಒಟ್ಟಿಗೆ ಬಂತು. ಅಪ್ಪನ ಹೆಗಲು ಕುಲುಕುತ್ತಿತ್ತು. ಸದ್ದಿಲ್ಲದೆ ನಗುತ್ತಿದ್ದ. ಆಮೇಲೆ ಸ್ಲೇಟು ಒರೆಸಿ, ನಿಧಾನವಾಗಿ ಬರೆದು, ನನ್ನ ಕಡೆ ತಿರುಗಿಸಿದ:

"ಚೆನ್ನಾಗಿ ಹಾಡ್ತೀಯ. ಮೇಸ್ತ್ರಿ ಆಗೋಕೆ ಮಾತ್ರ ಲಾಯಕ್ಕಿಲ್ಲ."